ಹಿಂಬಾಗಿಲಿನ ಬೀಗ

"ಅದಿರಲಿ ತಾತ, ಬೆಂಕಿ ಬಿದ್ದ ದಿನದ ವಿಷಯಕ್ಕೆ ಬನ್ನಿ." ಹೆಡ್‌ಫೋನಿನಲ್ಲಿ ತನ್ನದೇ ದನಿ ಕೇಳಿ ಅವಳು ರೆಕಾರ್ಡಿಂಗನ್ನು ತಟ್ಟನೆ ನಿಲ್ಲಿಸಿದಳು. ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು. ನಲವತ್ತು ವರ್ಷದ ಹಿಂದೆ ಸುಟ್ಟುಹೋದ ಮಿಲ್ಲಿನ ಕಾವಲುಗಾರ ಹೇಳುತ್ತಿದ್ದ: "ಹಿಂಬಾಗಿಲಿಗೆ ಬೀಗ ಹಾಕು ಅಂತ ನನಗೆ ಹೇಳಿದ್ದು ಯಾರಪ್ಪಾ ಅಂದ್ರೆ..." ಅಷ್ಟರಲ್ಲಿ ಇವಳು ಬಾಯಿ ಹಾಕಿದ್ದಳು.

ಮೂರು ದಿನದಿಂದ ಅವಳು ಮುದುಕನಿಗೆ ಶಾಪ ಹಾಕುತ್ತಲೇ ಎಡಿಟ್ ಮಾಡುತ್ತಿದ್ದಳು. ಐದು ಗಂಟೆ ಮಾತಾಡಿದ್ದಾನೆ, ಬರೀ ಬೀಗ, ಬೀಗದ ಕೈ, ಬೀಗಕ್ಕೆ ಬಿಡುವ ಎಣ್ಣೆ. ಆ ಬಾಗಿಲ ಹಿಂದೆ ಸಿಕ್ಕಿ ಸತ್ತ ಒಂಬತ್ತು ಜನರ ಮಾತೇ ಇಲ್ಲ. ಎಡಿಟ್‌ಗೆ ಕೂತ ಕೂಡಲೇ, ತಾನು ಪ್ರಶ್ನೆ ಕೇಳಿದ ಮೈಕಿನ ದನಿಯನ್ನು ಪೂರ್ತಿ ಅಡಗಿಸಿ ಮುದುಕನ ಮೈಕನ್ನಷ್ಟೇ ಕೇಳುವುದು ಅವಳ ಅಭ್ಯಾಸ. ಇವತ್ತು ಮರೆತಿದ್ದಳು. ಉಳಿದ ರೆಕಾರ್ಡಿಂಗ್‌ಗಳಲ್ಲೂ ಅಡಗಿಸಿದ್ದ ತನ್ನ ದನಿಯನ್ನು ಮತ್ತೆ ಸೇರಿಸಿ ಕೇಳಿದಳು. ಎಣ್ಣೆಯಿಂದ ಶುರು ಮಾಡಿ ಮುದುಕ ನಾಲ್ಕು ಸಲ ಆ ಬಾಗಿಲ ತನಕ ಬಂದಿದ್ದ. ನಾಲ್ಕು ಸಲವೂ ಇವಳು "ಅದಿರಲಿ" ಅಂದಿದ್ದಳು.

ತನ್ನ ತಲೆಗೆ ತಾನೇ ಮೊಟಕಿಕೊಂಡು ಫೋನ್ ಮಾಡಿದಳು. "ತಾತ, ನಾನು, ರೆಕಾರ್ಡಿಂಗ್ ಹುಡುಗಿ. ಬೀಗ ಹಾಕು ಅಂತ ನಿಮಗೆ ಹೇಳಿದ್ದು ಯಾರು?"

ಆ ಕಡೆ ಮುದುಕ ಸ್ವಲ್ಪ ಹೊತ್ತು ಕೆಮ್ಮಿದ. "ನಲವತ್ತು ವರ್ಷದಲ್ಲಿ ಯಾರ ಹತ್ರಾನೂ ಬಾಯಿ ಬಿಟ್ಟಿರಲಿಲ್ಲಮ್ಮ. ನಿನ್ನ ಮುಂದೆ ಧೈರ್ಯ ಬಂದಿತ್ತು. ನೀನು ಅದಿರಲಿ ಅಂದೆ. ಆಮೇಲೆ ಯೋಚನೆ ಮಾಡಿದೆ, ನೀನು ಹೇಳಿದ್ದೇ ಸರಿ ಅನ್ನಿಸ್ತು." ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಎಣ್ಣೆ ವಿಷಯ ಬೇಕಾದ್ರೆ ಕೇಳು, ಇನ್ನೊಂದು ಸಲ ಹೇಳ್ತೀನಿ."