ಗೇರಿಲ್ಲದ ಕಾರಿನ ಬಿಕ್ಕಳಿಕೆ

ಇದು ನಿಜವಾಗಿ ನಡೆದದ್ದು. ಸುಳ್ಳಾಗಿದ್ದರೆ ಇನ್ನೂ ಚೆನ್ನಾಗಿ ಕಟ್ಟಬಹುದಿತ್ತು.

ಪರದೆಯ ಹಿಂದೆ ಗಿಳಿ ಮೈಕ್ ಹಿಡಿದು ಕೂತಿದ್ದ. ಪರದೆಯ ಮುಂದೆ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕಿವಿ ಮೇಷ್ಟ್ರು. ಇನ್ನು ಹತ್ತು ನಿಮಿಷದಲ್ಲಿ ಮೇಷ್ಟ್ರ ಇಪ್ಪತ್ತು ವರ್ಷದ ಅಂಕಣ ಗಿಳಿಯ ಕೈಗೆ ಬರಬೇಕು. ಇಲ್ಲದಿದ್ದರೆ ಅವನು ಮತ್ತೆ ಟೈರು ಜಾಹೀರಾತಿನ ಕಾಗುಣಿತ ತಿದ್ದುತ್ತಾ ಕೂರಬೇಕು.

ಇಬ್ಬರದೂ ಒಂದೇ ಕಾರು ಪತ್ರಿಕೆ. ಬೀದಿಯಲ್ಲಿ ಕಾರು ಹೋದರೆ ಸದ್ದಿನಿಂದಲೇ ಅದರ ಕುಲಗೋತ್ರ ಹೇಳಿ, ಡ್ರೈವರ್ ಮನೆಯಲ್ಲಿ ಜಗಳವಾಡಿ ಬಂದಿದ್ದಾನೋ ಇಲ್ಲವೋ ಅನ್ನುವುದನ್ನೂ ಸೇರಿಸುವವರು ಕಿವಿ ಮೇಷ್ಟ್ರು. ಗಿಳಿ ಉಪಸಂಪಾದಕ, ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಸಂಪಾದಕಿಯ ಕೆಮ್ಮು, ಲಿಫ್ಟಿನ ನರಳಾಟ, ಕಾಫಿ ಯಂತ್ರದ ಗೊರಕೆ, ಎಲ್ಲವೂ ಅವನ ಬಾಯಲ್ಲೇ ಹುಟ್ಟುತ್ತಿದ್ದವು. ಅವನಿಗೆ ದಕ್ಕದೆ ಉಳಿದದ್ದು ಮೇಷ್ಟ್ರು ಮಾತ್ರ. ಮೆಲುದನಿಯ ಮನುಷ್ಯ, ದವಡೆಯಲ್ಲಿ ಸದಾ ಒಂದು ಗಂಟಲ ಗುಳಿಗೆ. ಆಫೀಸಿನಲ್ಲಿ ನಕ್ಕರೆ ತುಟಿಯಷ್ಟೇ ಅಲುಗುತ್ತಿತ್ತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಗುತ್ತಾರೆಂದು ಸುದ್ದಿ. ಅಂಥವರನ್ನು ಅನುಕರಿಸುವುದಾದರೂ ಹೇಗೆ?

ಆ ತಿಂಗಳ ಮುಖಪುಟಕ್ಕೆ ಎರಡು ಸ್ಪೋರ್ಟ್ಸ್ ಕಾರುಗಳ ಹೋಲಿಕೆ. ಕೆಂಪು ಕಾರು ಹನ್ನೆರಡು ಸಿಲಿಂಡರಿನದು, ಪೆಟ್ರೋಲ್ ಕುಡಿದು ಗಲಾಟೆ ಮಾಡುವ ಪೈಲ್ವಾನ. ನೀಲಿಯದು ಬ್ಯಾಟರಿಯದು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಕೆಂಪಿಗೆ ಮೂರು ಸೆಕೆಂಡ್, ನೀಲಿಗೆ ಎರಡೂವರೆ. ಕೆಂಪಿನ ಸೀಟಿನಲ್ಲಿ ಸೊಂಟ ಎಚ್ಚರವಾಗಿರುತ್ತದೆ, ನೀಲಿಯದರಲ್ಲಿ ಇಡೀ ಮನುಷ್ಯ ನಿದ್ದೆ ಹೋಗುತ್ತಾನೆ. ಆದರೆ ನೀಲಿಗೆ ಗೇರೂ ಇಲ್ಲ, ಸದ್ದೂ ಇಲ್ಲ. ಸದ್ದಿಲ್ಲದ ಸ್ಪೋರ್ಟ್ಸ್ ಕಾರನ್ನು ಯಾರು ತಿರುಗಿ ನೋಡುತ್ತಾರೆ? ಅದಕ್ಕೇ ಕಂಪನಿಯವರು ಎಲ್ಲೋ ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಗುಡುಗೊಂದನ್ನು ಸ್ಪೀಕರಿಗೆ ತುಂಬಿದ್ದರು. ಕಾಲೊತ್ತಿದರೆ ಗುರ್ರೆಂದು ಒಂದು ಮೆಟ್ಟಿಲು, ಮತ್ತೆ ಗುರ್ರೆಂದು ಇನ್ನೊಂದು. ಇಲ್ಲದ ಮೂರನೇ ಗೇರಿಗೆ ಬಂದಾಗ ‘ಇಕ್’ ಎಂದು ಸಣ್ಣ ಬಿಕ್ಕಳಿಕೆ. ಆ ಬಿಕ್ಕಳಿಕೆಗೆ ಲೋಕವೇ ಮರುಳಾಗಿತ್ತು. ಯಂತ್ರಕ್ಕೂ ಆತ್ಮವಿದೆ ಎಂದು ವಿಮರ್ಶಕರೊಬ್ಬರು ಎರಡು ಪುಟ ಕಣ್ಣೀರು ಹಾಕಿದ್ದರು.

ಮೇಷ್ಟ್ರು ಮಾತ್ರ ಹಠ ಹಿಡಿದರು.

“ನೀಲಿ ಕಾರಿನ ಬಗ್ಗೆ ನಾನು ಬರೆಯಲ್ಲ, ಮೇಡಂ.”

“ಯಾಕೆ?” ಎಂದರು ಸಂಪಾದಕಿ.

“ಅದು ಸಭ್ಯತೆ ಅಲ್ಲ.”

ಅಷ್ಟೇ ಅಲ್ಲ, ನೀಲಿ ಕಾರು ಅಂಗಳಕ್ಕೆ ಬಂದಾಗಲೆಲ್ಲ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರು. ಮುಖ ಕೆಂಪು ಕಾರಿಗಿಂತ ಕೆಂಪು.

ಗಿಳಿಗೆ ಇನ್ನೇನು ಬೇಕು? “ಮೇಡಂ, ಮೇಷ್ಟ್ರ ಕಿವಿ ಹೋಗಿದೆ. ಹೊಸ ಕಾರಿನ ಸದ್ದು ತಿಳೀತಿಲ್ಲ, ಅದಕ್ಕೇ ಈ ನಾಟಕ. ಎರಡು ವರ್ಷದ ಹಿಂದೆ ಒಂದು ತಿಂಗಳು ರಜೆ ಹಾಕಿ ಹೋದೋರು ಗಂಟಲು ಕಟ್ಟಿಸ್ಕೊಂಡು ಬರಲಿಲ್ವಾ? ವಾರವೆಲ್ಲ ಚೀಟಿ ಬರೆದು ತೋರಿಸ್ತಿದ್ರು. ಕಿವಿ, ಮೂಗು, ಗಂಟಲು ಮೂರಕ್ಕೂ ಒಬ್ಬರೇ ಡಾಕ್ಟರು ಯಾಕಿರ್ತಾರೆ ಹೇಳಿ? ಒಂದು ಹೋದ್ರೆ ಮಿಕ್ಕಿದ್ದೂ ಹೊರಟ ಹಾಗೇ.”

ಸಂಪಾದಕಿ ಯೋಚಿಸಿ, “ಪರೀಕ್ಷೆ ಮಾಡೋಣ. ಅವರು ತಪ್ಪಿದರೆ ಅಂಕಣ ನಿಂದು” ಎಂದರು. ಮೊದಲು ಕೆಂಪು ಕಾರಿನ ಸದ್ದು. ಎರಡನೆಯದಕ್ಕೆ ಕಾರಿನ ಬದಲು ಗಿಳಿಯ ಬಾಯಿ. ಉಪಾಯ ಕೇಳಿ ಸಂಪಾದಕಿಗೂ ಹುಮ್ಮಸ್ಸು ಬಂತು.

ಹದಿನೈದು ದಿನ ಗಿಳಿ ಮನೆಯಲ್ಲಿ ಗುರ್ರೆಂದ. “ಬಚ್ಚಲಲ್ಲಿ ಅಷ್ಟು ಜೋರಾಗಿ ಓಡಿಸ್ಬೇಡಿ, ಬಕೆಟ್‌ಗೆ ಗುದ್ದೀತು” ಎಂದಳು ಹೆಂಡತಿ. ಗುಡುಗು ಒಲಿಯಿತು. ಬಿಕ್ಕಳಿಕೆ ಮಾತ್ರ ಅಷ್ಟಕ್ಕಷ್ಟೆ.

ಈಗ ಶೆಡ್ಡಿನಲ್ಲಿ ಇಡೀ ಆಫೀಸು ಬಾಯಿಗೆ ಕೈ ಒತ್ತಿಕೊಂಡು ನಿಂತಿತ್ತು. ಡ್ರೈವರ್ ಕೆಂಪು ಕಾರು ಚಾಲೂ ಮಾಡಿದ.

“ಕೆಂಪು,” ಎಂದರು ಮೇಷ್ಟ್ರು. “ಒಂದು ಪ್ಲಗ್ ಕೊಳೆಯಾಗಿದೆ, ಒರೆಸಪ್ಪ.”

ಡ್ರೈವರ್ ಬೆಚ್ಚಿಬಿದ್ದ. ನಿನ್ನೆಯಿಂದ ಒರೆಸಬೇಕು ಅಂದುಕೊಳ್ಳುತ್ತಲೇ ಇದ್ದ. ಗಿಳಿ ಪರದೆಯ ಸಂದಿಯಿಂದ ಇಣುಕಿದ. ಈ ಕಿವಿ ಎಲ್ಲಿಗೂ ಹೋಗಿಲ್ಲ! ಆದರೂ ಮೈಕ್ ಬಾಯಿಗೆ ಹಿಡಿದ. ಗುರ್ರ್... ಗುರ್ರ್ರ್... ಇಕ್.

ಮೇಷ್ಟ್ರು ನೆಟ್ಟಗೆ ಕೂತರು. “ಇನ್ನೊಂದ್ಸಲ.”

ಗಿಳಿ ಇನ್ನೊಂದು ಸಲ ಗುಡುಗಿದ. ಮೇಷ್ಟ್ರ ಕೈ ತಾನಾಗಿ ಗಂಟಲು ಮುಟ್ಟಿಕೊಂಡಿತು.

“ನೀಲಿ,” ಎಂದರು ನಿಧಾನವಾಗಿ. “ನೀಲಿನೇ. ಆದ್ರೆ ಬಿಕ್ಕಳಿಕೆ ಮೂಗಿಂದ ಬರ್ತಿದೆ. ಎದೆಯಿಂದ ಬರಬೇಕು. ಇವತ್ತು ಇದಕ್ಕೆ ನೆಗಡಿ.”

ಪರದೆ ಸರಿಯಿತು. ಗಿಳಿ ಮೈಕ್ ಎತ್ತಿ ಹಿಡಿದು ಕುಣಿದ. “ನೆಗಡಿ ಕಾರಿಗಲ್ಲ ಮೇಷ್ಟ್ರೇ, ನನಗೆ!”

ಶೆಡ್ಡು ಬಿದ್ದು ಹೋಗುವಂಥ ನಗು. ಸಂಪಾದಕಿ ಕಣ್ಣೊರೆಸಿಕೊಂಡು, “ಅಂಕಣ ಹೋಯ್ತಲ್ಲ ಮೇಷ್ಟ್ರೇ” ಎಂದರು.

ಮೇಷ್ಟ್ರು ಕಣ್ಣಿನ ಬಟ್ಟೆ ಬಿಚ್ಚಿದರು. ಗಿಳಿಯನ್ನು ನೋಡಿದರು, ಮೈಕನ್ನು ನೋಡಿದರು. ತುಟಿ ಅಲುಗಿತು. ಈ ಸಲ ತುಟಿಗೇ ನಿಲ್ಲಲಿಲ್ಲ. ಎಲ್ಲೋ ಆಳದಿಂದ ಗುರ್ರೆಂದು ನಗು ಹೊರಟಿತು. ಒಂದು ಮೆಟ್ಟಿಲು ಹತ್ತಿತು, ಇನ್ನೊಂದು ಹತ್ತಿತು, ಎಲ್ಲರ ನಗುವನ್ನೂ ಮುಳುಗಿಸಿ ತಗಡಿನ ಚಾವಣಿಯನ್ನು ನಡುಗಿಸಿತು. ಮೂರನೇ ಮೆಟ್ಟಿಲಿಗೆ ಬಂದಾಗ—

ಇಕ್.

ಡ್ರೈವರ್ ಗಾಬರಿಯಿಂದ ನೀಲಿ ಕಾರಿನತ್ತ ತಿರುಗಿದ. ಅದು ದೀಪವಾರಿಸಿಕೊಂಡು ತೆಪ್ಪಗೆ ನಿಂತಿತ್ತು. ಕೀ ಅವನ ಜೇಬಿನಲ್ಲೇ ಇತ್ತು.

ಮೇಷ್ಟ್ರು ಗಿಳಿಯ ಅಂಗೈಗೆ ಒಂದು ಗಂಟಲ ಗುಳಿಗೆ ಹಾಕಿದರು. “ಅಂಕಣ ನೀನೇ ಇಟ್ಕೋ, ಹದಿನೈದೇ ದಿನಕ್ಕೆ ಇಷ್ಟು ಕಲಿತಿದ್ದೀಯ. ನನ್ನನ್ನ ಆ ನೀಲಿ ಕಂಪನಿಯೋರು ಒಂದು ತಿಂಗಳು ಕೂರಿಸಿ ನಗಿಸಿದ್ರು ಕಣೋ.”