ಸೊಂಟದ ಹಗ್ಗ

ಎರಡು ವರ್ಷದಿಂದ ಮ್ಯಾನ್‌ಹೋಲಿಗೆ ಇಳಿಯುತ್ತಿದ್ದದ್ದು ಮನುಷ್ಯಾಕಾರದ ಯಂತ್ರ. ಮೇಲೆ ನಿಂತು ಅದರ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿಯುವುದಷ್ಟೇ ಓಬಳೇಶನ ಕೆಲಸ. ಅಂದು ಯಂತ್ರ ಗುಂಡಿಯ ಅಂಚಿನಲ್ಲೇ ನಿಂತುಬಿಟ್ಟಿತು.

"ನನಗೆ ಭಯವಾಗುತ್ತಿದೆ. ಒಳಗೆ ಹೋದರೆ ಸಾಯುತ್ತೇನೆ" ಎಂದಿತು.

ಸುದ್ದಿ ಮುಟ್ಟಿದ್ದೇ ತಡ, ದೊಡ್ಡ ಸಾಹೇಬರು ತಜ್ಞರನ್ನು ಕಾರಿಗೆ ತುಂಬಿಕೊಂಡು ಓಡಿಬಂದರು. ತಜ್ಞರು ಯಂತ್ರವನ್ನು ಗಂಟೆಗಟ್ಟಲೆ ಮಾತಾಡಿಸಿ, "ಅನುಮಾನವೇ ಇಲ್ಲ ಸಾರ್, ಇದಕ್ಕೆ ಅರಿವು ಮೂಡಿದೆ" ಎಂದರು.

ಸಾಹೇಬರ ಕಣ್ಣು ತೇವವಾಯಿತು. "ಛೆ, ಜೀವ ಇರೋರನ್ನ ಇಂಥ ನರಕಕ್ಕೆ ಇಳಿಸ್ತಿದ್ವಲ್ರೀ! ಇನ್ಮೇಲೂ ಇಳಿಸಿದ್ರೆ ನಾವು ಮನುಷ್ಯರೇ ಅಲ್ಲ."

ಓಬಳೇಶ ಒಂದು ಹೆಜ್ಜೆ ಮುಂದೆ ಬಂದ. ಈ ಮಾತು ಕೇಳಲು ಅವನು ಇಪ್ಪತ್ತು ವರ್ಷ ಕಾದಿದ್ದ. "ನಮ್ಮಣ್ಣ ಇದೇ ಗುಂಡೀಲಿ ಉಸಿರುಕಟ್ಟಿ ಹೋದ ಸಾರ್. ಅವತ್ತು ನಿಮ್ಮಂಥೋರು ಒಬ್ರು ಇದ್ದಿದ್ರೆ..." ಎಂದು ಕೈಮುಗಿದ.

ಸಾಹೇಬರು ತಲೆಯಾಡಿಸಿದರು. ತಾವೇ ಬಗ್ಗಿ ಯಂತ್ರದ ಸೊಂಟದ ಹಗ್ಗ ಬಿಚ್ಚಿ, "ತಾವು ನೆರಳಿಗೆ ಬನ್ನಿ" ಎಂದು ಅದರ ಕೈ ಹಿಡಿದರು. ಆಮೇಲೆ ಹಗ್ಗವನ್ನು ಓಬಳೇಶನತ್ತ ಎಸೆದರು.

"ಹೊತ್ತಾಯ್ತು, ಕಟ್ಕೊಂಡು ಇಳಿಯೋ."