ಗಂಡು ಮರದ ಹೂವು

ಆ ಒಂದೇ ಹೂವಿಗೆ ಸಸ್ಯಶಾಸ್ತ್ರಜ್ಞೆ ಯಾನೆತ್ ತೆತ್ತ ಬೆಲೆ ಅಂಗೈ ಚರ್ಮ, ಒಂದು ಹೊಸ ಹಗ್ಗ, ಅರ್ಧ ದಿನದ ಹಸಿವು. ಮರದ ತುದಿಯಿಂದ ಇಳಿದವಳೇ ಅದನ್ನು ಜೋಪಾನವಾಗಿ ಬಂಡೆಯ ಮೇಲಿಟ್ಟಳು. ಸಂಪಿಗೆಯ ನೆಂಟನಾದ, ಕೊಲಂಬಿಯಾ ಬೆಟ್ಟದ ಈ ಮರ ಯಾರೂ ಕಂಡಿರದ ಜಾತಿಯಾಗಿದ್ದರೆ ಅದಕ್ಕೆ ಹೆಸರಿಡುವ ಭಾಗ್ಯ ಅವಳದು.

"ಗಂಡು ಮರದಲ್ಲಿ ಹೂವಾ? ಜೇಬಲ್ಲಿಟ್ಕೊಂಡು ಹತ್ತಿದ್ರಾ ಡಾಕ್ಟ್ರಮ್ಮ?" ಎಂದು ಜಮೀನಿನ ಯಜಮಾನ ದೋನ್ ಎಲಿಯೇಸರ್ ನಕ್ಕ. ಕೊಡಲಿ ಅವನ ಕಾಲ ಬಳಿಯೇ ಇತ್ತು. ಹೂವು ಕಾಯಿ ಕಾಣದ ಮರ ಇಲ್ಲಿಯವರಿಗೆ ಗಂಡು. ಗಂಡನ್ನು ಕಡಿಯಬಹುದು, ಹೆಣ್ಣಿಗೆ ಕೊಡಲಿ ತಾಗಿಸುವಂತಿಲ್ಲ. ಮಗಳ ಹೊಸ ಮನೆಗೆ ಈ ಮರದ್ದೇ ತೊಲೆ ಎಂದು ಅವನು ನಿಶ್ಚಯಿಸಿಯಾಗಿತ್ತು.

ಯಾನೆತ್ ಬಿಳಿ ಎಸಳುಗಳನ್ನು ಒಂದೊಂದಾಗಿ ಬಿಡಿಸಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಮುಖ ಸಪ್ಪಗಾಯಿತು. "ಹೊಸದಲ್ಲ. ಆಚೆ ಬೆಟ್ಟದ್ದೇ ಜಾತಿ."

"ಹಂಗಾದ್ರೆ ಕಡೀಲಾ?"

ಅವಳು ಭೂತಗನ್ನಡಿಯನ್ನು ಅವನ ಕೈಗಿತ್ತಳು. "ನೀವೇ ನೋಡಿ. ಸುತ್ತ ಇರೋ ಕೇಸರ ಗಂಡು. ನಡುವೆ ಹಸಿರು ಗುಬುಟು ಇದೆಯಲ್ಲ, ಅದು ಹೆಣ್ಣು. ಕಾಯಿ ಕಟ್ಟೋದು ಅಲ್ಲೇ."

ಎಲಿಯೇಸರ್ ಒಂದು ಕಣ್ಣು ಮುಚ್ಚಿ ನೋಡಿದ, ಮೂಸಿದ, ಮತ್ತೆ ನೋಡಿದ. "ಗಂಡ ಹೆಂಡ್ತಿ ಇಬ್ರೂ ಒಂದೇ ಮನೇಲಿ ಇದಾರೆ. ನಮ್ಮಪ್ಪಾನೂ ನಾನೂ ಬುಡ ಅಳೆದಿದ್ದೇ ಬಂತು, ಒಬ್ರೂ ತಲೆ ಎತ್ತಿ ನೋಡ್ಲಿಲ್ಲ" ಎಂದು ಕೊಡಲಿಯ ಅಲಗಿಗೆ ಗೋಣಿ ಸುತ್ತಿದ.

ಅವಳಿಗೆ ಹೊಸ ಜಾತಿ ಸಿಗಲಿಲ್ಲ, ಅವನಿಗೆ ತೊಲೆ ಸಿಗಲಿಲ್ಲ. ಮರ ಉಳಿಯಿತು.